ಜನಭಾಷೆಗಿಳಿದ ವಿದ್ವಾಂಸ

ಧರ್ಮ, ಲಿಂಗತ್ವ, ಲೈಂಗಿಕತೆ ಮೂರನ್ನೂ ಒಂದೇ ಒರಳಿಗೆ ಹಾಕಿ ಅರೆದು ಪಿಎಚ್.ಡಿ. ಪಡೆದ ವಿದ್ವಾಂಸ ಜ್ಞಾನಭಾರತಿ ಸುತ್ತಮುತ್ತ, ಕೆಂಗೇರಿಯವರೆಗೂ ಕಾಣಸಿಗುತ್ತಾನೆ. ಹೆಗಲಲ್ಲಿ ಜೋಳಿಗೆ, ಬಾಯಲ್ಲಿ ‘ಸಂಕಥನ’. ದರ್ಶಿನಿಯ ಬೈಟೂ ಕಾಫಿಯಲ್ಲೂ ಅವನಿಗೆ ಅಧಿಕಾರ ಸಂಬಂಧ ಕಾಣುತ್ತದೆ; ಬಿಲ್ಲು ಮಾತ್ರ ಕಾಣುವುದಿಲ್ಲ.

ಸಂಶೋಧನೆಯನ್ನು ಜನರಿಗೆ ಮುಟ್ಟಿಸುವ ತರಬೇತಿ ಶಿಬಿರಗಳಲ್ಲಿ ಇಂಥವರಿಗೆ ಕೊಡುವ ಸೂತ್ರ: ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಿ. ತೊಡಕಿರುವುದು ಪದದಲ್ಲೇ. ವ್ಯಾಕರಣದ್ದೂ ಲಿಂಗ, ದೇಹದ್ದೂ ಲಿಂಗ, ಪೂಜೆಯದೂ ಲಿಂಗ. ‘ಲಿಂಗತ್ವ’ ಎಂಬುದು ಈ ಇಕ್ಕಟ್ಟಿನಿಂದ ಪಾರಾಗಲು ಕಟ್ಟಿದ ಪದ. ವೇದಿಕೆಯಿಂದ ಹೊರಟು ಮೊದಲ ಸಾಲು ಮುಟ್ಟುವಷ್ಟರಲ್ಲಿ ಅದರ ‘ತ್ವ’ ಉದುರಿರುತ್ತದೆ.

ಬಸವೇಶ್ವರನಗರದ ಪಾರ್ಕೊಂದರ ಭಾನುವಾರದ ಉಪನ್ಯಾಸದಲ್ಲಿ ಆದದ್ದು ಅದೇ. ‘ಲಿಂಗತ್ವ ಹುಟ್ಟಿನಿಂದ ಬರೋದಲ್ಲ, ಸಮಾಜ ಕೊಡೋದು’ ಎಂದ ವಿದ್ವಾಂಸ. ಮುಂದೆ ಕೂತಿದ್ದ ಅಜ್ಜಿ ತಲೆದೂಗಿ, ‘ನಿಜ ಕಣಪ್ಪಾ, ಗುರುಗಳು ಕೊಡ್ತಾರೆ. ನಂಗೆ ದೀಕ್ಷೆ ಆದಾಗ ಎಂಟು ವರ್ಷ’ ಎಂದು ಕೊರಳ ಕರಡಿಗೆ ಮುಟ್ಟಿಕೊಂಡರು. ಬೆವರಿದ ವಿದ್ವಾಂಸ ಶಿಬಿರದ ಸೂತ್ರ ಬಿಟ್ಟು ವ್ಯಾಕರಣಕಾರ ಕೇಶಿರಾಜನ ಮೊರೆಹೊಕ್ಕ: 13ನೇ ಶತಮಾನದ ‘ಶಬ್ದಮಣಿದರ್ಪಣ’ ಒಂಬತ್ತು ಲಿಂಗಗಳನ್ನು ಎಣಿಸುತ್ತದೆ. ವಾಕಿಂಗಿಗೆ ಬಂದಿದ್ದ ನಿವೃತ್ತ ಮೇಷ್ಟ್ರು ಅವನ್ನು ಬಾಯಿಪಾಠ ಒಪ್ಪಿಸಲು ಎದ್ದುನಿಂತರು. ಏಳನೆಯದರಲ್ಲಿ ತಡವರಿಸಿ ಮತ್ತೆ ಪುಲ್ಲಿಂಗದಿಂದ ಶುರು. ಲೈಂಗಿಕತೆಯ ಭಾಗ ಬರುವ ಮುನ್ನವೇ ಮೈಕಿನವನು ವೈರು ಸುತ್ತಿದ. ಕುರ್ಚಿಗಳನ್ನು ಮಡಿಚಿಟ್ಟವರು ಯಾರೆಂಬುದು ಇಲ್ಲಿ ಅಪ್ರಸ್ತುತ. ಅವರ ಸೊಂಟ ಇನ್ನೂ ನೋಯುತ್ತಿದೆ.

ಅಜ್ಜಿಗೆ ವಿಷಯ ಗೊತ್ತಿಲ್ಲವೆಂದಲ್ಲ. ಗಂಡಸಾದ ಶರಣನೂ ಲಿಂಗಪತಿಗೆ ಸತಿ ಎಂಬ ಭಾವ, ‘ನಡುವೆ ಸುಳಿವ ಆತ್ಮ’ಕ್ಕೆ ಹೆಣ್ಣು ಗಂಡೆಂಬುದಿಲ್ಲ ಎಂದ ವಚನಕಾರ ಜೇಡರ ದಾಸಿಮಯ್ಯ, ಎಲ್ಲವೂ ಆಕೆಯ ಭಜನೆಯ ಸರಕು. ಅದೇ ಜಾಡಿನಲ್ಲಿ, ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯುವಾಗ ಅವರು ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ಟಿ.ವಿ.ಯಲ್ಲಿ ನೋಡಿ ಅಜ್ಜಿ ಕಣ್ಣೊರೆಸಿಕೊಂಡಿದ್ದರು.

ಆ ಸೆರಗಿನ ಮೇಲೆ ವಿದ್ವಾಂಸ ಇಪ್ಪತ್ತು ಪುಟ ಬರೆದಿದ್ದಾನೆ. ಅದರ ಒಂದು ಪ್ರತಿಯನ್ನು ಅಜ್ಜಿಗೆ ಕೊಟ್ಟಾಗ, ಕಣ್ಣು ಕಾಣೋಲ್ಲ, ನೀನೇ ಓದಿ ಹೇಳಪ್ಪಾ ಎಂದರಂತೆ. ಮೂರು ಭಾನುವಾರವಾಯಿತು. ಪ್ರತಿಸಲ ಮಂಡಕ್ಕಿ, ಕಾಫಿ ಸಿಗುತ್ತದೆ. ಓದು ಇನ್ನೂ ಮೊದಲ ಅಡಿಟಿಪ್ಪಣಿಯಲ್ಲಿದೆ.