ನೀರಿಲ್ಲದ ಕೊಳಕ್ಕೆ ಲೈಫ್‌ಗಾರ್ಡ್

ಈಜುಕೊಳ ಮುಚ್ಚಿದರೆ ಈಜು ಬಾರದವನಿಗೆ ಆಗುವಷ್ಟು ಸಂಕಟ ಈಜು ಬರುವವನಿಗೆ ಆಗುವುದಿಲ್ಲ. ಬರುವವನು ಇನ್ನೊಂದು ಕೊಳ ಹುಡುಕಿಕೊಂಡು ಹೋಗುತ್ತಾನೆ. ಬಾರದವನು ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಕುಳಿತು ದೂರು ಬರೆಯುತ್ತಾನೆ. ಲುಸೈಲ್‌ನ ಫಾಕ್ಸ್ ಹಿಲ್ಸ್‌ನಲ್ಲಿ ನಾವಿರುವ ಕಟ್ಟಡದ ಈಜುಕೊಳ ಮುಚ್ಚಿ ಎರಡು ಬೇಸಿಗೆ ಕಳೆದವು. ಈ ಅವಧಿಯಲ್ಲಿ ನನ್ನ ಇಂಗ್ಲಿಷ್ ಬಹಳ ಸುಧಾರಿಸಿದೆ. ಕೊಳ ಹಾಗೇ ಇದೆ.

ಲುಸೈಲ್ ಎಂದರೆ ದೋಹಾದ ಉತ್ತರಕ್ಕೆ ಮರಳಿನ ಮೇಲೆ ನಕ್ಷೆ ಹಾಕಿ ಎಬ್ಬಿಸಿದ ಊರು. 2022ರ ಡಿಸೆಂಬರ್ 18ರಂದು ಅರ್ಜೆಂಟೀನಾದವರು ಫ್ರಾನ್ಸನ್ನು ಪೆನಾಲ್ಟಿಯಲ್ಲಿ ಸೋಲಿಸಿ ವಿಶ್ವಕಪ್ ಎತ್ತಿದ್ದು ಇಲ್ಲಿನ ಕ್ರೀಡಾಂಗಣದಲ್ಲಿ. ಪುತ್ತೂರಿನಿಂದ ಯಾರೇ ಫೋನ್ ಮಾಡಿದರೂ ನಾನು “ಮೆಸ್ಸಿ ಕಪ್ ಎತ್ತಿದ ಜಾಗ ನಮ್ಮ ಬಾಲ್ಕನಿಯಿಂದ ಕಾಣುತ್ತದೆ” ಎಂದೇ ಮಾತು ಶುರುಮಾಡುವುದು. ಆ ಪಂದ್ಯವನ್ನು ನಾನು ನೋಡಿದ್ದು ನಜ್ಮಾದ ಹಳೆಯ ಫ್ಲಾಟಿನಲ್ಲಿ, ಟಿವಿಯ ಎದುರು ಎನ್ನುವುದನ್ನು ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಲುಸೈಲ್‌ನಲ್ಲಿ ಕಸ ಲಾರಿಗಾಗಿ ಕಾಯುವುದಿಲ್ಲ, ನೆಲದಡಿಯ ಕೊಳವೆಯೊಳಗೆ ಗಾಳಿ ಎಳೆದುಕೊಂಡು ಹೋಗುವ ವ್ಯವಸ್ಥೆ ಇದೆ. ಎಸಿಗೆ ಬೇಕಾದ ತಣ್ಣೀರು ಒಂದು ಕಡೆ ತಯಾರಾಗಿ ಕಟ್ಟಡದಿಂದ ಕಟ್ಟಡಕ್ಕೆ ಪೈಪಿನಲ್ಲಿ ಬರುತ್ತದೆ. ಇಂಥ ಊರಿನಲ್ಲಿ ಒಂದು ತೊಟ್ಟಿಯ ತೂತು ಎಲ್ಲಿದೆ ಎಂದು ಇನ್ನೂ ಗೊತ್ತಾಗಿಲ್ಲ.

ವಿಶ್ವಕಪ್ ಮುಗಿದು ಬಾಡಿಗೆಗಳು ಇಳಿದಾಗ ನಾವು ಇಲ್ಲಿಗೆ ಬಂದೆವು. ಫ್ಲಾಟ್ ತೋರಿಸಿದ ಏಜೆಂಟ್ ಅಡಿಗೆಮನೆಗೂ ಮೊದಲು ಕೊಳ ತೋರಿಸಿದ. ಗಿರಾಕಿಯ ಮುಖ ನೋಡಿಯೇ ಅವನಿಗೆ ಗೊತ್ತಾಗಿರಬೇಕು. ಹೆಂಡತಿ ಸಿಂಕಿನ ಕೆಳಗೆ ಬಗ್ಗಿ ಪೈಪು ನೋಡುತ್ತಿದ್ದಾಗ ನಾನು ನೀಲಿ ನೀರು ನೋಡುತ್ತಾ ಬಾಡಿಗೆಗೆ ಹೂಂ ಅಂದಾಗಿತ್ತು. ಕಡೆಯುವ ಕಲ್ಲು ಇಡಲಿಕ್ಕೆ ಜಾಗವಿಲ್ಲ ಎಂದು ಅವಳು ಎದ್ದು ನಿಂತು ಹೇಳುವ ಹೊತ್ತಿಗೆ ನಾನು ಚೆಕ್ ಪುಸ್ತಕ ತೆಗೆದಿದ್ದೆ. ಇಲ್ಲಿ ವರ್ಷದ ಬಾಡಿಗೆಗೆ ಮುಂದಿನ ತಾರೀಕು ಹಾಕಿದ 12 ಚೆಕ್ಕುಗಳನ್ನು ಮೊದಲೇ ಬರೆದುಕೊಡುವುದು ರೂಢಿ. ಚೆಕ್ ಬೌನ್ಸ್ ಆದರೆ ಪೊಲೀಸ್ ಕೇಸು. ಹಾಗಾಗಿ “ಕೊಳ ತೆರೆಯುವವರೆಗೆ ಬಾಡಿಗೆ ಕೊಡುವುದಿಲ್ಲ” ಎಂದು ಗುಡುಗುವ ಸುಖವೂ ಬಾಡಿಗೆದಾರನಿಗಿಲ್ಲ.

ತೆರೆದಿದ್ದ ಆ ಕೆಲವು ತಿಂಗಳು ನಾವು ಕೊಳವನ್ನು ಹೇಗೆ ಬಳಸಿದೆವು ಎಂದು ಕೇಳಬೇಕು ನೀವು. ಹೆಚ್ಚಾಗಿ ಮೇಲಿನಿಂದ. ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ಕೆಳಗೆ ನೋಡುವುದು, ಫೋಟೋ ತೆಗೆದು ಊರಿಗೆ ಕಳಿಸುವುದು. ಹೆಂಡತಿ ಮೈ ಪೂರ್ತಿ ಮುಚ್ಚುವ ಈಜುಡುಗೆ, ಕನ್ನಡಕ, ಟೋಪಿ ಎಲ್ಲ ತಂದಳು. ಅವುಗಳ ಬೆಲೆಚೀಟಿ ಇವತ್ತಿಗೂ ಹರಿದಿಲ್ಲ. ಮಗಳು ಮಾತ್ರ ಇಳಿದು ಈಜುತ್ತಿದ್ದಳು. ನಾನು ಆಳವಿಲ್ಲದ ಕಡೆ ಸೊಂಟದವರೆಗೆ ನಿಂತು, ಒಂದು ಕೈಯಲ್ಲಿ ಗೋಡೆ ಹಿಡಿದು, ಆಗಾಗ ಗಡಿಯಾರ ನೋಡುತ್ತಿದ್ದೆ. ನೋಡಿದವರಿಗೆ ಕೋಚ್ ಅನ್ನಿಸಲಿ ಎಂದು.

ಕೊಳ ಇರುವುದು ಪಾರ್ಕಿಂಗಿನ ಚಾವಣಿಯ ಮೇಲೆ. ಒಂದು ದಿನ ಪಾರ್ಕಿಂಗಿನಲ್ಲಿ ನೀರು ತೊಟ್ಟಿಕ್ಕಲು ಶುರುವಾಯಿತು, ಅದೂ ನಮ್ಮ ಕಾರಿನ ಮೇಲೇ. ಕಾಂಕ್ರೀಟಿನ ಸುಣ್ಣ ತೊಳೆದುಕೊಂಡು ಬಂದ ನೀರು ಗಾಜಿನ ಮೇಲೆ ಬಿಳಿ ಕಲೆ ಬಿಟ್ಟಿತು, ಉಜ್ಜಿದರೂ ಹೋಗಲಿಲ್ಲ. ನಮ್ಮ ಸಂಸಾರದಲ್ಲಿ ಆ ಕೊಳದ ನೀರಿನಲ್ಲಿ ತಲೆಯಿಂದ ಕಾಲಿನವರೆಗೆ ಮಿಂದದ್ದು ಮಗಳನ್ನು ಬಿಟ್ಟರೆ ಆ ಕಾರೊಂದೇ. ಸೋರುತ್ತಿದೆ ಎಂದು ಮೊದಲ ದೂರು ಕೊಟ್ಟವನು ನಾನೇ ಎಂಬ ಸಂಗತಿಯನ್ನು ಹೆಂಡತಿ ನೆರೆಯವರ ಮುಂದೆ ಎತ್ತುವುದಿಲ್ಲ. ಮನೆಯೊಳಗೆ ಮಾತ್ರ ಎತ್ತುತ್ತಾಳೆ.

ಹದಿನೈದು ಮೀಟರ್ ಉದ್ದ, ಆರು ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳ. ಲೆಕ್ಕ ಹಾಕಿದರೆ 1,08,000 ಲೀಟರ್ ನೀರು. ಕತಾರ್‌ನಲ್ಲಿ ನದಿ ಎನ್ನುವುದೇ ಇಲ್ಲ. ವರ್ಷಕ್ಕೆ ಸುಮಾರು 80 ಮಿಲಿಮೀಟರ್ ಮಳೆ. ಆಟಿ ತಿಂಗಳಲ್ಲಿ ನಮ್ಮ ಪುತ್ತೂರಿಗೆ ಒಂದೇ ದಿನ ಅಷ್ಟು ಸುರಿದರೆ ಯಾರೂ ಅದನ್ನು ಮಾತಾಗಿ ಎತ್ತುವುದಿಲ್ಲ. ಕುಡಿಯುವ ನೀರು ಹೆಚ್ಚುಕಡಿಮೆ ಪೂರ್ತಿ ಸಮುದ್ರದ್ದು, ಉಪ್ಪು ತೆಗೆದು ಕೊಡುವುದು. ಅಂದರೆ ಸಮುದ್ರವನ್ನು ಸಿಹಿ ಮಾಡಿ, ಸಿಹಿಗೆ ಕ್ಲೋರಿನ್ ಬೆರೆಸಿ, ಬೇಸಿಗೆಯಲ್ಲಿ ಕುದಿಯದಂತೆ ಯಂತ್ರದಲ್ಲಿ ತಣಿಸಿ, ಚಾವಣಿಗೆ ಹತ್ತಿಸಿ, ಕೊನೆಗೆ ನನ್ನ ಕಾರಿನ ಮೇಲೆ ಬಿಡುವುದು. ಇಷ್ಟು ಖರ್ಚಿನ ಕಲೆ ನನ್ನ ಬೇರಾವ ವಸ್ತುವಿನ ಮೇಲೂ ಇಲ್ಲ.

ಸೋರಿಕೆ ಪತ್ತೆ ಮಾಡುವುದು ಸುಲಭವಲ್ಲ ಎನ್ನುವುದನ್ನು ನ್ಯಾಯಕ್ಕಾದರೂ ಹೇಳಬೇಕು. ಟೈಲ್ಸಿನ ಸಂದಿಯಲ್ಲಿರಬಹುದು, ದೀಪ ಕೂರಿಸಿದ ತೂತಿನ ಸುತ್ತ ಇರಬಹುದು, ಕೆಳಗೆ ಹಾಸಿದ ಜಲನಿರೋಧಕ ಪದರ ಹರಿದಿರಬಹುದು. ನೀರು ಇಳಿಯುತ್ತಿರುವುದು ಸೋರಿಯೋ ಬಿಸಿಲಿಗೆ ಆರಿಯೋ ಎಂದು ತಿಳಿಯಲು ಒಂದು ಉಪಾಯವಿದೆ. ಕೊಳದ ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಡುತ್ತಾರೆ. ಬಿಸಿಲು ಎರಡಕ್ಕೂ ಒಂದೇ. ಬಕೆಟ್ಟಿನ ನೀರಿಗಿಂತ ಕೊಳದ ನೀರು ಹೆಚ್ಚು ಇಳಿದರೆ ಸೋರಿಕೆ ಎಂದು ಅರ್ಥ. ಇದನ್ನು ನಾನು ವಿಜ್ಞಾನದ ಮೇಷ್ಟ್ರ ಗತ್ತಿನಲ್ಲಿ ಫೋನಿನಲ್ಲಿ ಅಮ್ಮನಿಗೆ ವಿವರಿಸಿದೆ. ಅಮ್ಮ ಪೂರ್ತಿ ಕೇಳಿ, “ಬಕೆಟು ಸರಿ ಉಂಟು ಅಂತ ಗೊತ್ತಾಯ್ತಲ್ಲ ಮಗಾ, ಸಾಕು” ಅಂದರು.

ಆಮೇಲೆ ನೀರು ಖಾಲಿ ಮಾಡಿದರು, ಟೈಲ್ಸ್ ಕಿತ್ತರು, ಪದರ ಬಳಿದರು, ನೀರು ನಿಲ್ಲಿಸಿ ನೋಡಿದರು, ಮತ್ತೆ ಪಾರ್ಕಿಂಗ್ ಒದ್ದೆಯಾಯಿತು, ಮತ್ತೆ ಖಾಲಿ ಮಾಡಿದರು. ಅಷ್ಟರಲ್ಲಿ ಜೂನ್ ಬಂತು. ಇಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಒಳ್ಳೆಯ ಕಾನೂನು, ಆ ಬಿಸಿಲಿನಲ್ಲಿ ಕಾರಿನ ಬಾಗಿಲಿನ ಹಿಡಿ ಮುಟ್ಟಲೂ ಆಗದು. ಟೈಲ್ಸ್ ಕೂರಿಸುತ್ತಿದ್ದ ನೇಪಾಳಿ ಹುಡುಗನಿಗೆ ಒಂದು ಬೆಳಿಗ್ಗೆ ಮಜ್ಜಿಗೆ ಕೊಟ್ಟು, ಯಾವಾಗ ಮುಗಿಯುತ್ತದೆ ಎಂದು ಹಿಂದಿಯಲ್ಲಿ ವಿಚಾರಿಸಿದೆ. ಅವನು ಮಜ್ಜಿಗೆ ಕುಡಿದು, “ಸಾರ್‌ಗೆ ಈಜು ಬರುತ್ತದಾ?” ಎಂದು ತಿರುಗಿ ಕೇಳಿದ. “ಮಗಳಿಗೆ ಬರುತ್ತದೆ” ಎಂದು ಲೋಟ ತೆಗೆದುಕೊಂಡು ಬಂದೆ.

ಇದೆಲ್ಲದರ ನಡುವೆ ಕದಲದೆ ಇದ್ದವನೆಂದರೆ ಲೈಫ್‌ಗಾರ್ಡ್. ಫಿಲಿಪೀನ್ಸಿನ ಹುಡುಗ. ನೀರು ಹೋದರೂ ಅವನ ಪಾಳಿ ಹೋಗಲಿಲ್ಲ. ಕೆಂಪು ಅಂಗಿ, ಕೊರಳಲ್ಲಿ ಸೀಟಿ, ಪಕ್ಕದಲ್ಲಿ ತೇಲುವ ಟ್ಯೂಬು, ಎದುರಿಗೆ ಒಣ ಗುಂಡಿ. ಏನು ಕಾಯುತ್ತೀಯಪ್ಪಾ ಎಂದರೆ, “ಸಾರ್, ನೀರಿರುವ ಕೊಳಕ್ಕೆ ಬಿದ್ದರೆ ಎತ್ತಬಹುದು. ಖಾಲಿ ಕೊಳಕ್ಕೆ ಬಿದ್ದರೆ ಮೂಳೆ ಮುರಿಯುತ್ತದೆ” ಎಂದ. ಇಡೀ ಪ್ರಕರಣದಲ್ಲಿ ನಾನು ಕೇಳಿದ ಅರ್ಥವಿರುವ ಮಾತು ಅದೊಂದೇ.

ಲಾಬಿಯಲ್ಲಿ ನಿವಾಸಿಗಳ ಸಭೆ ಸೇರಿತು. ಆವತ್ತು ಗೊತ್ತಾಯಿತು, ನಮ್ಮ ಕಟ್ಟಡದಲ್ಲಿ ಎಲ್ಲರೂ ಈಜುಪಟುಗಳು. ಲೆಬನಾನಿನ ಒಬ್ಬ ಹೆಂಗಸು ತಾನು ದಿನಾ ಸೂರ್ಯೋದಯಕ್ಕೆ ಈಜುತ್ತಿದ್ದೆನೆಂದು ಕಣ್ಣೀರು ಹಾಕಿದರು. ಸೂರ್ಯೋದಯಕ್ಕೆ ಬಾಲ್ಕನಿಯಲ್ಲಿ ಇರುತ್ತಿದ್ದವನು ನಾನು. ಕೊಳದಲ್ಲಿ ಪಾರಿವಾಳ ಬಿಟ್ಟರೆ ಯಾರನ್ನೂ ಕಂಡಿರಲಿಲ್ಲ. ಈಜಿಪ್ಟಿನ ಒಬ್ಬರು ಮಕ್ಕಳ ಭವಿಷ್ಯದ ಮಾತೆತ್ತಿದರು. ನನ್ನ ಸರದಿ ಬಂದಾಗ ನಾನು ಎದ್ದು ನಿಂತು ಬೆಂಗಳೂರಿನ ಶ್ರೀಹರಿ ನಟರಾಜ್ ಕಥೆ ಶುರುಮಾಡಿದೆ. 2020ರಲ್ಲಿ ಕೋವಿಡ್‌ನಿಂದ ಭಾರತದ ಕೊಳಗಳೆಲ್ಲ ಮುಚ್ಚಿ, ಕ್ರೀಡಾಪಟುಗಳ ತರಬೇತಿಗೆ ಅನುಮತಿ ಸಿಕ್ಕಿದ್ದೇ ಅಕ್ಟೋಬರಿನಲ್ಲಿ. ಹಾಗಿದ್ದರೂ ಮರುವರ್ಷ ಆ ಹುಡುಗ ಟೋಕಿಯೋ ಒಲಿಂಪಿಕ್ಸಿಗೆ ಹೋದ. ಕೊಳ ಮುಚ್ಚಿದರೆ ಈಜುಗಾರನಿಗೆ ಏನಾಗುತ್ತದೆ ಎಂದು ನಮ್ಮ ನಾಡಿನವರಿಗೆ ಗೊತ್ತು ಎಂದೆಲ್ಲ ಹೇಳಿದೆ. ಚಪ್ಪಾಳೆ ಬಿತ್ತು. ಆ ಉಮೇದಿನಲ್ಲಿ, ಬೆನ್ನುನೋವಿಗೆ ವೈದ್ಯರು ನನಗೂ ಈಜಲು ಹೇಳಿದ್ದಾರೆ ಎಂದೂ ಸೇರಿಸಿದೆ.

ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಹೆಂಡತಿ ಕೇಳಿದಳು, “ಮಾರಾಯ್ರೇ, ವೈದ್ಯರು ಹೇಳಿದ್ದು ನಡೀಲಿಕ್ಕೆ ಅಲ್ವಾ?”

“ನೀರಿನಲ್ಲಿ ನಡೆಯುವುದೂ ಒಂದು ವ್ಯಾಯಾಮವೇ.”

“ಈಗ ನೀರಿಲ್ಲ. ಹೋಗಿ ಕೊಳದಲ್ಲೇ ನಡೀರಿ.”

2024ರ ಫೆಬ್ರವರಿಯಲ್ಲಿ ದೋಹಾದಲ್ಲಿ ವಿಶ್ವ ಅಕ್ವೆಟಿಕ್ಸ್ ಚಾಂಪಿಯನ್‌ಷಿಪ್ ನಡೆದಾಗ ಗಾಯದ ಮೇಲೆ ಉಪ್ಪು ಸುರಿದಂತಾಯಿತು. ಆಸ್ಪೈರ್ ಡೋಮ್ ಎಂಬ ಒಳಾಂಗಣದಲ್ಲಿ ಆ ಕೂಟಕ್ಕೆಂದೇ ತಾತ್ಕಾಲಿಕ ಕೊಳ ಕಟ್ಟಿದ್ದರು. ಒಂದು ಹನಿ ಹೊರಗಿಲ್ಲ. ಗ್ಯಾಲರಿಯಲ್ಲಿ ಎಲ್ಲರೂ ಈಜುವವರನ್ನು ನೋಡುತ್ತಿದ್ದರೆ ನಾನು ಕೊಳದ ಅಂಚು ನೋಡುತ್ತಿದ್ದೆ. ಅದೇ ವರ್ಷ ಬೆಂಗಳೂರಿನ 14ರ ಹುಡುಗಿ ಧಿನಿಧಿ ದೇಸಿಂಘು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದಾಗ, ನಮ್ಮ ಕೊಳ ತೆರೆದಿದ್ದರೆ ನೀನೂ ಹೀಗೆ ಎಂದು ಮಗಳಿಗೆ ಹೇಳಿದೆ. “ಅಪ್ಪಾ, ನಮ್ಮ ಕೊಳ ಹದಿನೈದು ಮೀಟರ್” ಎಂದು ಅವಳು ಮೊಬೈಲಿನಿಂದ ಕಣ್ಣೆತ್ತದೆ ಅಂದಳು. ಸಮುದ್ರವಿದೆಯಲ್ಲ ಅನ್ನಬೇಡಿ. ಆಗಸ್ಟಿನಲ್ಲಿ ಈ ಕೊಲ್ಲಿಯ ನೀರು ಹಂಡೆಯಿಂದ ಈಗಷ್ಟೇ ತೋಡಿದ್ದು.

ಇಡೀ ಮನೆತನದಲ್ಲಿ ನಿಜವಾಗಿ ಈಜು ಬಲ್ಲವರು ಅಮ್ಮ. ಅವರ ತವರು ಕಾಸರಗೋಡಿನ ಪೆರ್ಲದ ಕಡೆ. ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು ಬಂದು ತುಂಬುವ ಕೆರೆಯಲ್ಲಿ, ಸಿಪ್ಪೆ ಸಮೇತದ ಎರಡು ಒಣ ತೆಂಗಿನಕಾಯಿ ಬೆನ್ನಿಗೆ ಕಟ್ಟಿಕೊಂಡು ಕಲಿತ ಈಜು. ಅದೇ ಕೆರೆಗೆ, ಅಂಥದೇ ಕಾಯಿ ಕಟ್ಟಿ, ಅಜ್ಜ ನನ್ನನ್ನೂ ಇಳಿಸಿದ್ದುಂಟು. ಕಾಯಿ ಎರಡೂ ಚೆನ್ನಾಗಿ ತೇಲಿದವು. ಚಳಿಗಾಲದಲ್ಲಿ ವಿಸಿಟ್ ವೀಸಾದಲ್ಲಿ ಬಂದ ಅಮ್ಮನನ್ನು ಮಾರನೆಯ ದಿನವೇ ಕೊಳ ತೋರಿಸಲು ಕರೆದೊಯ್ದೆ. ಮುಚ್ಚಿದ್ದರೂ ತೋರಿಸಬೇಕಲ್ಲ. ಅಮ್ಮ ಬೇಲಿಯಾಚೆ ಇಣುಕಿ, ಬಿಳಿ ಟೈಲ್ಸಿನ ಮೇಲೆ ಬಿದ್ದ ಬಿಸಿಲನ್ನು ಬಹಳ ಹೊತ್ತು ಅಳೆದರು. “ನಮ್ಮಲ್ಲಿ ಅಂಗಳದಲ್ಲಿ ಅಡಿಕೆ ಒಣಗ್ಲಿಕ್ಕೆ ನಲವತ್ತು ದಿನ ಬೇಕು. ಇಲ್ಲಿ ಬೇಸಗೆಯಲ್ಲಾದ್ರೆ ಅದರ ಅರ್ಧಕ್ಕೆ ಚಾಲಿ ಆದೀತು ಮಗಾ. ಮೋಡದ ಹೆದರಿಕೆಯೂ ಇಲ್ಲ.” ಆಮೇಲೆ ರಿಪೇರಿ ಶುರುವಾಗಿ ಎಷ್ಟು ಕಾಲವಾಯಿತೆಂದು ಕೇಳಿ, “ನಮ್ಮ ಕೆರೆಯ ಹೂಳು ತೆಗೆಯುವುದು ಎರಡು ದಿನದ ಕೆಲಸ” ಎಂದು ಲಿಫ್ಟಿನ ಕಡೆ ನಡೆದರು. ಲೈಫ್‌ಗಾರ್ಡ್ ಎದ್ದು ನಿಂತು ನಮಸ್ಕರಿಸಿದ. ಈಜು ಬರುವವರು ಅವನಿಗೆ ಗುರುತು ಸಿಗುತ್ತಾರೆ ಅಂತ ಕಾಣುತ್ತದೆ.

ಇಷ್ಟಾದರೂ ಮುಚ್ಚಿದ ಕೊಳದಿಂದ ನಮಗೆ ಆದ ಲಾಭ ಸಣ್ಣದಲ್ಲ. ತೆರೆದಿದ್ದಾಗ “ನಮ್ಮ ಬಿಲ್ಡಿಂಗಿನಲ್ಲಿ ಈಜುಕೊಳ ಉಂಟು” ಎಂದರೆ ಜಂಬ ಅನ್ನುತ್ತಿದ್ದರು. ಈಗ ಕರ್ನಾಟಕ ಸಂಘ ಕತಾರ್‌ನ ರಾಜ್ಯೋತ್ಸವದಲ್ಲಿ ಊಟದ ಸಾಲಿನಲ್ಲಿ ನಿಂತು, “ನಮ್ಮ ಈಜುಕೊಳದ ಗೋಳು ಕೇಳಬೇಡಿ” ಎಂದರೆ ಎಲ್ಲರೂ ಮರುಗುತ್ತಾರೆ. ಕೊಳ ಇರುವ ವಿಷಯವೂ ತಿಳಿಯುತ್ತದೆ, ಹೋಳಿಗೆಗೆ ತುಪ್ಪವೂ ಹೆಚ್ಚು ಬೀಳುತ್ತದೆ.

ಎರಡನೆಯ ಲಾಭ ಕಳೆದ ಮಾರ್ಚಿನದು. ಒಪ್ಪಂದ ನವೀಕರಿಸುವಾಗ ನನ್ನ ದೂರುಪತ್ರಗಳ ಕಟ್ಟನ್ನು ನೋಡಿ ಮಾಲೀಕರು, ಓದುವುದಕ್ಕಿಂತ ಇದೇ ವಾಸಿ ಎಂದು ತಿಂಗಳಿಗೆ 500 ರಿಯಾಲ್ ಬಾಡಿಗೆ ಇಳಿಸಿದರು. ಹೆಂಡತಿ ಆವತ್ತೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ವರ್ಷಕ್ಕೆ 6,000 ರಿಯಾಲ್, ರೂಪಾಯಿಯಲ್ಲಿ ಒಂದೂಕಾಲು ಲಕ್ಷಕ್ಕೂ ಮೇಲೆ. ಕೊಳ ತೆರೆದರೆ ಇದು ಹೋಗುತ್ತದೆ. ಅಲ್ಲಿಂದೀಚೆಗೆ ನಾನು ದೂರು ಬರೆದಿಲ್ಲ. ಬೇರೆಯವರಿಗೂ ಇಂಥದೇ ಏನೋ ಸಿಕ್ಕಿರಬೇಕು, ಲಾಬಿಯ ಸಭೆಗೆ ಈಗ ಕುರ್ಚಿಗಳು ಉಳಿಯುತ್ತವೆ. ಲೆಬನಾನಿನ ಹೆಂಗಸಂತೂ ತಮಗೆ ಯೋಗವೇ ಹಿತವಾಗಿದೆ ಎಂದರು.

ಮೊನ್ನೆ ಲಿಫ್ಟಿನಲ್ಲಿ ಹೊಸ ನೋಟಿಸ್ ಬಂದಿದೆ. ಕೆಲಸ ಕೊನೆಯ ಹಂತದಲ್ಲಿದೆ, ಫೆಬ್ರವರಿಯಲ್ಲಿ ಕೊಳ ತೆರೆಯಲಾಗುವುದು ಎಂದು. ಮನೆಯಲ್ಲಿ ಆವತ್ತು ಯಾರಿಗೂ ಊಟ ರುಚಿಸಲಿಲ್ಲ. ನಮ್ಮ ನವೀಕರಣ ಬರುವುದು ಮಾರ್ಚಿಗೆ. ಆದ್ದರಿಂದ ನಮ್ಮ ಕಟ್ಟಡದ ನಿರ್ವಹಣಾ ಕಚೇರಿಯಲ್ಲಿ ಕನ್ನಡ ಓದಬಲ್ಲವರು ಯಾರಾದರೂ ಇದ್ದರೆ ಅವರಲ್ಲಿ ಒಂದು ವಿನಂತಿ: ಅವಸರ ಮಾಡಬೇಡಿ. ಬಕೆಟ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ನೋಡಿ. ಬಕೆಟ್ ಬೇಕಾದರೆ ನಮ್ಮ ಮನೆಯಿಂದ ಕೊಡುತ್ತೇವೆ.