ಆರಂಭಣ್ಣನ ಪಂಚಾಂಗ

ಮಡಿಕೇರಿಯಲ್ಲಿ ಮನೆ, ಮೂರ್ನಾಡಿನ ಕಡೆ ತೋಟ, ಬಾಯಲ್ಲಿ "ನಾಳೆಯಿಂದ ಖಂಡಿತ". ಆರಂಭಣ್ಣನ ಗುರುತಿಗೆ ಇಷ್ಟು ಸಾಕು. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಕರೆಯುವವರಿಲ್ಲ. ಕೊಡಗಿನಲ್ಲಿ ಊರಿಗೊಬ್ಬ ಆರಂಭಣ್ಣನಾದರೂ ಸಿಗುತ್ತಾನೆ.

ಸಂಕಲ್ಪಕ್ಕೆ ಅವರು ಆರಿಸುವ ದಿನ ಜನವರಿ 28, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಜಯಂತಿ. ಶಿಸ್ತಿನ ಮನುಷ್ಯ ಹುಟ್ಟಿದ ದಿನವೇ ಶಿಸ್ತು ಶುರುವಾಗಲಿ ಎಂಬ ಲೆಕ್ಕ. ಹೊಸ ಶೂ ಕಟ್ಟಿ, ಕೊರೆಯುವ ಚಳಿಯಲ್ಲಿ ರಾಜಾಸೀಟ್‌ವರೆಗೆ ನಡಿಗೆ. ಎದುರು ಸಿಕ್ಕವರಿಗೆಲ್ಲ ನಡಿಗೆಯ ಮಹಿಮೆ ಹೇಳಬೇಕಲ್ಲ, ಹಾಗಾಗಿ ನಡೆದದ್ದಕ್ಕಿಂತ ನಿಂತದ್ದೇ ಜಾಸ್ತಿ.

ವಾರ ಕಳೆಯುವಷ್ಟರಲ್ಲಿ ಕಾಫಿ ಕೊಯ್ಲು. "ತೋಟದಲ್ಲಿ ಓಡಾಡ್ತೇನಲ್ಲ, ಅದೂ ನಡಿಗೆಯೇ." ಓಡಾಡುವುದು ಜೀಪಿನಲ್ಲಿ. ಮಾರ್ಚ್‌ನಲ್ಲಿ ಹೂಮಳೆಗೆ ಕಾಯಬೇಕು. ಏಪ್ರಿಲ್‌ನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಶುರುವಾದ ಹಬ್ಬ ಅದು. ಕೆಲವು ವರ್ಷ ನಿಂತರೂ 2023ರಲ್ಲಿ ನಾಪೋಕ್ಲಿನಲ್ಲಿ ಮತ್ತೆ ಎದ್ದಿತು. ಆರಂಭಣ್ಣ ಗ್ಯಾಲರಿಯಿಂದ ಎದ್ದಿಲ್ಲ. ಜೂನ್‌ನಿಂದ ಮಳೆ. ಕಕ್ಕಡ ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸ. ಹದಿನೆಂಟು ಬಗೆಯ ಔಷಧ ಒಂದೇ ದಿನ ಹೊಟ್ಟೆ ಸೇರುತ್ತದೆಂಬ ನಂಬಿಕೆಯಿರುವಾಗ ನಡಿಗೆ ಯಾಕೆ? ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ, ಕಡಂಬುಟ್ಟು, ಪಂದಿಕರಿಯ ಊಟ. ಅಕ್ಟೋಬರ್‌ನಲ್ಲಿ ತಲಕಾವೇರಿ ತೀರ್ಥ, ಆಮೇಲೆ ಸುಗ್ಗಿಹಬ್ಬ ಪುತ್ತರಿ. ಅಷ್ಟರಲ್ಲಿ ಕಾರ್ಯಪ್ಪ ಜಯಂತಿ ಬಂದೇಬಿಡುತ್ತದೆ.

2000ರ ದಶಕದ ಮೊದಲಲ್ಲಿ ವೆನಿಲಾ ಬೆಲೆ ಆಕಾಶಕ್ಕೇರಿದಾಗ ಬಳ್ಳಿ ನೆಟ್ಟವರಲ್ಲಿ ಇವರೂ ಒಬ್ಬರು. ವೆನಿಲಾ ಹೂ ಅರಳುವುದು ಒಂದೇ ದಿನ. ಬೆಳಗಿನ ಹೊತ್ತಲ್ಲೇ ಒಂದೊಂದಕ್ಕೂ ಕೈಯಾರೆ ಪರಾಗ ಮುಟ್ಟಿಸಬೇಕು. ಆ ಹೊತ್ತಿಗೆ ಆರಂಭಣ್ಣನ ಕಣ್ಣು ಅರಳಿರುತ್ತಿರಲಿಲ್ಲ. ಬೆಲೆ ಬಿದ್ದಾಗ ಊರೆಲ್ಲ ತಲೆಮೇಲೆ ಕೈಹೊತ್ತು ಕೂತರೆ, ಇವರು ಮಾತ್ರ ಉಳಿದ ಕೂಲಿಯನ್ನು ಲಾಭದ ಕಡೆ ಬರೆದರು.

ತೋಟದ ಮನೆಯಲ್ಲಿ ಅವರ ಅವ್ವ ಇದ್ದಾರೆ. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟು ಲೆಕ್ಕ ಡೈರಿಗೆ ಬರೆಯುತ್ತಾರೆ. ಮದುವೆಯಾಗಿ ಬಂದ ವರ್ಷದ ಡೈರಿಯೂ ಕಪಾಟಿನಲ್ಲಿದೆ. ಮಳೆಯಿಲ್ಲದ ದಿನ "ಇಲ್ಲ" ಎಂದೇ ಬರೆದಿದ್ದಾರೆ.

"ಅವ್ವಾ, ಇಷ್ಟು ವರ್ಷ ಹುಮ್ಮಸ್ಸು ಹೇಗೆ ಉಳೀತು?" ಎಂದೆ.

"ಹುಮ್ಮಸ್ಸು ಯಾರಿಗಿತ್ತು? ಮುಖ ತೊಳೆದು ಹೊರಗೆ ಬರ್ತೇನೆ, ಮಾಪಕ ಅಲ್ಲೇ ಇರ್ತದೆ."

ಪಕ್ಕದಲ್ಲೇ ಕೂತು ಕೇಳಿಸಿಕೊಂಡ ಆರಂಭಣ್ಣ ಆ ವಾರವೇ ಮೊಬೈಲಿಗೆ ಲೆಕ್ಕ ಕಳಿಸುವ ಹೊಸ ಮಳೆಮಾಪಕ ತರಿಸಿದರು. ಜೂನ್ ಮೊದಲ ವಾರದ ಮಳೆಯೆಲ್ಲ ಅದರಲ್ಲಿ ಬಣ್ಣಬಣ್ಣದ ಗೆರೆಗಳಾಗಿ ಇದೆ. ಉಳಿದ ಮಳೆಗಾಲದ ಲೆಕ್ಕ ಬೇಕಾದವರು ಅವ್ವನನ್ನು ಕೇಳಿ.