ಡೆಲ್ಲಿ ಮಾವ

ದೊಡ್ಡ ನಾಯಕರು ಒಂದು ಸೀಮೆಗೆ ಒಮ್ಮೆ ಬಂದುಹೋದರೆ ಸಾಕು, ಅವರ ಮನೆಮಂದಿಯನ್ನೆಲ್ಲ ಹತ್ತಿರದಿಂದ ಬಲ್ಲವನೊಬ್ಬ ಅಲ್ಲಿ ಹುಟ್ಟಿಕೊಳ್ಳುತ್ತಾನೆ. ಯಶವಂತನಗರದಲ್ಲಿ ಆ ಹುದ್ದೆ ಡೆಲ್ಲಿ ಮಾವನದು. ಡೆಲ್ಲಿಯನ್ನು ಅವನು ಕಂಡವನಲ್ಲ. ಹೊಸಪೇಟೆ ದಾಟಬೇಕಾದರೂ ಹೆಂಡತಿಯ ಅಪ್ಪಣೆ ಬೇಕು.

ಬಂಡವಾಳವೆಲ್ಲ 1999ರದು. ಬಳ್ಳಾರಿ ಲೋಕಸಭೆಗೆ ಸೋನಿಯಾ ಗಾಂಧಿ ನಿಂತಿದ್ದರು, ಎದುರಿಗೆ ಸುಷ್ಮಾ ಸ್ವರಾಜ್. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಬಿಗಿದು, ಹುಟ್ಟಾ ಕನ್ನಡಿಗ ಲೀಡರುಗಳಿಗೇ ಬೆವರಿಳಿಸಿದರು. ಇತ್ತ ಅಮ್ಮನ ಪರ ಪ್ರಚಾರಕ್ಕೆ ಪ್ರಿಯಾಂಕಾ ಬಂದರು. ಮಾವ ಆಗ ಐದನೇ ಕ್ಲಾಸು. ಸಾಲಿಗೆ ಚಕ್ಕರ್ ಹೊಡೆದು ಅದಿರಿನ ಲಾರಿ ಹತ್ತಿದ, ತೋರಣಗಲ್ಲಿನಲ್ಲಿ ಇಳಿದ, ಪಕ್ಷದ ಟೆಂಪೊದೊಳಗೆ ತೂರಿ ಬಳ್ಳಾರಿ ಮುಟ್ಟಿದ. ಅಲ್ಲಿ ಯಾರ್‍ಯಾರದೋ ಹೆಗಲ ಸಂದಿಯಿಂದ ಅವನಿಗೆ ಕಂಡದ್ದು ಒಂದು ಕೈ. ಅದು ತಾಯಿಯದೋ ಮಗಳದೋ ಇವತ್ತಿಗೂ ಇತ್ಯರ್ಥವಾಗಿಲ್ಲ. ಬಾವುಟದ ಮೇಲಿನದೇ ಇದ್ದರೂ ಇರಬಹುದು.

ಮೊದಮೊದಲು ಕತೆ ಅಷ್ಟೇ ಇತ್ತು. ಸೋನಿಯಾ 56,100 ಮತಗಳಿಂದ ಗೆದ್ದು, ಅಮೇಠಿಯನ್ನು ಇಟ್ಟುಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟಾಗ ಕತೆಗೆ ಕೊಂಬು ಮೂಡಿತು: "ಬಿಡಬ್ಯಾಡಮ್ಮಾ ಅಂತ ಮಗಳು ಅತ್ತಾಳಪ್ಪ." ಗಣಿಯ ಭರಾಟೆಯಲ್ಲಿ ಲಾರಿಗಳು ಹೆಚ್ಚಿದಂತೆ ಕತೆಯೂ ಉದ್ದವಾಯಿತು. ಈಗಿನ ಆವೃತ್ತಿಯಲ್ಲಿ ದೇಶದ ನಾಯಕಿಯ ಪುಟ್ಟ ಮಗಳು ಸೆಕ್ಯೂರಿಟಿಯವರ ಕಾಟ ತಾಳದೆ ಅದೇ ಲಾರಿಯ ತಾಡಪಾಲಿನಡಿ ಅವಿತು ಯಶವಂತನಗರಕ್ಕೆ ಬರುತ್ತಾಳೆ. ಮಾವನ ಜತೆ ಒಗ್ಗರಣೆ, ನಾಲ್ಕು ಮಿರ್ಚಿ ತಿಂದು ಖಾರಕ್ಕೆ ಹಿಂದಿಯಲ್ಲಿ ಕುಣಿಯುತ್ತಾಳೆ. ನಾರಿಹಳ್ಳದಲ್ಲಿ ಈಜುತ್ತಾಳೆ. ಹುಡುಕಿಕೊಂಡು ಬಂದ ಕಮಾಂಡೋಗಳನ್ನು ಓಣಿಯ ನಾಯಿ ಅಟ್ಟಿಸಿಕೊಂಡು ಹೋಗುತ್ತದೆ. ಕೊನೆಗೆ ಅದಿರಿನ ಧೂಳಲ್ಲಿ ಕೆಂಪಗಾಗಿ ಹಿಂತಿರುಗಿದ ಮಗಳನ್ನು ಹೆತ್ತಮ್ಮನೇ ಗುರುತು ಹಿಡಿಯುವುದಿಲ್ಲ!

ಕಾಲೇಜಿನ ಹುಡುಗಿಯೊಬ್ಬಳು ಮೊಬೈಲ್ ತೆಗೆದು ತಕರಾರು ಎತ್ತಿದಳು. "ಮಾವ, ಅವ್ರು ಹುಟ್ಟಿದ್ದು 1972. ಆವಾಗ 27 ವರ್ಷ, ಮದುವೀನೂ ಆಗಿತ್ತು."

ಮಾವ ಚಹಾ ಲೋಟ ಕೆಳಗಿಟ್ಟ. "ಹೋಗವ್ವ, ಲೀಡರ್ ಮಕ್ಕಳಿಗೆ ವಯಸ್ಸಾಗೋದು ಎಲ್ಲಾದ್ರೂ ನೋಡೀಯೇನು? ಅವರಣ್ಣ 2022ರಾಗ ಬಳ್ಳಾರಿಗೆ ನಡಕೊಂತ ಬಂದಾಗ 52. ಈಗಲೂ ಯುವ ನಾಯಕ!"

ಈ ಒಂದು ಮಾತಿನಲ್ಲಿ ಮಾವನನ್ನು ಸೋಲಿಸುವುದು ಕಷ್ಟ. ಯಾವ ಪಕ್ಷದ ಫ್ಲೆಕ್ಸ್ ನೋಡಿದರೂ ಅಪ್ಪನ ತೊಡೆ ಬಿಟ್ಟಿಳಿಯದ ಯುವಕರೇ, ಮೀಸೆ ನರೆತವರು. ವಂಶಪಾರಂಪರ್ಯ ಅಂತ ನಾವು ಅವರನ್ನಷ್ಟೇ ಆಡಿಕೊಳ್ಳುತ್ತೇವೆ. ಮಾವನ ತಾತನೂ ಸಾಮಾನ್ಯನಲ್ಲ. 1934ರಲ್ಲಿ ಸಂಡೂರಿಗೆ ಬಂದ ಗಾಂಧೀಜಿ ತನ್ನೊಬ್ಬನನ್ನೇ ಕರೆದು "ಮಳಿ ಬೆಳಿ ಹೆಂಗೈತಿ" ಎಂದು ವಿಚಾರಿಸಿದರೆಂದು ಸಾಯುವತನಕ ಹೇಳುತ್ತಿದ್ದನಂತೆ. ಅವರದು ಚುನಾವಣೆಗೆ ನಿಲ್ಲುವ ವಂಶ, ಇವರದು ನಿಂತು ನೋಡುವ ವಂಶ.

2024ರ ನವೆಂಬರಿನಲ್ಲಿ ಸಂಡೂರು ಉಪಚುನಾವಣೆಯ ಎಣಿಕೆ ನಡೆದ ದಿನವೇ ವಯನಾಡಿನದೂ ಇತ್ತು. ಚಹಾದಂಗಡಿಯಲ್ಲಿ ಎಲ್ಲರೂ ಸಂಡೂರಿನ ಲೀಡ್ ಕೇಳುತ್ತಿದ್ದರೆ ಮಾವನೊಬ್ಬ ಕೇರಳದ್ದು ಕೇಳುತ್ತಿದ್ದ. ಪ್ರಿಯಾಂಕಾ ಗೆದ್ದದ್ದೇ ತಡ, ಕೂತವರಿಗೆಲ್ಲ ಮಿರ್ಚಿ ಕೊಡಿಸಿದ. ಅಂಗಡಿಯವನು ಉದ್ರಿ ಪುಸ್ತಕ ತೆರೆದು, "ಮಾವ, ಯಾರ ಹೆಸರಿಗೆ ಬರೀಲಿ?" ಎಂದ.

"ಅವರ ಹೆಸರಿಗೇ ಬರಿ. ಅವತ್ತು ತಿಂದ ನಾಲ್ಕೂ ಬಾಕಿ ಅದಾವು, ಸೇರಿಸು."